ಭಾವಮೈದುನನ ಮುಖಕ್ಕೆ ಎರಡನೇ ಕೋಟ್

ಬಿದ್ದದ್ದು ಒಂದೇ ಹನಿ. ಅದೂ ರಮಾಮಣಿ ಒಗೆದು ಹರವಿದ್ದ ಸೀರೆಯ ಸೆರಗಿನಿಂದ. ಇಡೀ ವಿಮಾನಪುರದಲ್ಲಿ ಆ ಹನಿಗೆ ಬೀಳೋದಕ್ಕೆ ಬೇರೆ ಜಾಗವೇ ಸಿಗಲಿಲ್ಲವೇ ಎಂದು ಕೃಷ್ಣಸ್ವಾಮಿ ಇವತ್ತಿಗೂ ಕೇಳುತ್ತಾರೆ. ಅದು ಬಿದ್ದದ್ದು ನೆಟ್ಟಗೆ ಸುದರ್ಶನ್ ಅವರ ಎಡಗಣ್ಣಿಗೆ.

ಸುದರ್ಶನ್ ಎಂದರೆ ಕೃಷ್ಣಸ್ವಾಮಿಯ ಹೆಂಡತಿ ರಮಾಮಣಿಯ ಅಣ್ಣ. ಕಣ್ಣು ಎಂದರೆ ಅವರ ಸ್ವಂತ ಕಣ್ಣಲ್ಲ, ಕೃಷ್ಣಸ್ವಾಮಿ ಬೆಳಗ್ಗೆಯಿಂದ ಬೆನ್ನು ಬಗ್ಗಿಸಿ ಕಾಗದದ ಮೇಲೆ ಜಲವರ್ಣದಲ್ಲಿ ಬರೆದಿದ್ದ ಕಣ್ಣು. ಸ್ವಂತ ಕಣ್ಣಾಗಿದ್ದರೆ ಅವರು ಒರೆಸಿಕೊಂಡು ಮಾತು ಮುಂದುವರಿಸುತ್ತಿದ್ದರು. ಕಾಗದದ ಕಣ್ಣಿಗೆ ಆ ಅನುಕೂಲ ಇಲ್ಲ.

ಕೃಷ್ಣಸ್ವಾಮಿ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಸರ್ವಿಸ್ ಪೂರ್ತಿ ಕಳೆದವರು. ಬೇರೆಯವರು ಮಾಡಿದ್ದನ್ನು ಅಳೆಯುವುದು, ತಲೆ ಅಲ್ಲಾಡಿಸುವುದು, ವಾಪಸ್ ಕಳಿಸುವುದು, ಇದೇ ಅವರ ಉದ್ಯೋಗ. ರಿಟೈರ್ ಆದ ಮೇಲೆ ಆ ಚಾಳಿಯನ್ನು ಕಾರ್ಖಾನೆಯ ಗೇಟಿನಲ್ಲಿ ಒಪ್ಪಿಸಿ ಬರಬೇಕಿತ್ತು. ಮರೆತು ಮನೆಗೇ ತಂದರು. ದೋಸೆ ಒಂದು ಕಡೆ ದಪ್ಪ, ಚಪಾತಿ ಓವಲ್, ಸಾರಿನ ಪಾತ್ರೆಗೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ರಮಾಮಣಿ ಸ್ವಲ್ಪ ದಿನ ನೋಡಿದರು, ಆಮೇಲೆ ಸೌಟು ಕೆಳಗಿಟ್ಟರು.

"ಎಲ್ಲಾದ್ರೂ ಹೋಗಿ ಏನಾದ್ರೂ ಕಲೀರಿ. ನನ್ನ ದೋಸೆ ತಂಟೆಗೆ ಬರ್ಬೇಡಿ."

ಹೀಗೆ ಅವರು ಕುಕ್ ಟೌನಿನ ಒಂದು ಹಳೇ ಬಂಗಲೆಯ ವರಾಂಡದಲ್ಲಿ ಜಹನಾರಾ ಮೇಡಂ ನಡೆಸುವ ಶನಿವಾರದ ಚಿತ್ರಕಲೆ ಕ್ಲಾಸಿಗೆ ಸೇರಿದ್ದು. ಜಹನಾರಾ ಮೊದಲ ದಿನವೇ ಗುಟ್ಟು ಬಿಟ್ಟುಕೊಟ್ಟಿದ್ದರು. "ನೋಡಿ ಸಾರ್, ನೀರು ತನ್ನ ಕೆಲಸ ತಾನೇ ಮಾಡ್ಕೊಳ್ಳುತ್ತೆ. ಹನಿ ಬಿತ್ತಾ, ಬೀಳ್ಲಿ. ಬಣ್ಣ ಓಡ್ತಾ, ಓಡ್ಲಿ. ನೀವು ಕೈ ಕಟ್ಕೊಂಡು ನೋಡ್ತಾ ಇರಿ, ಬಸ್."

ಕೃಷ್ಣಸ್ವಾಮಿ ಬಣ್ಣ ಕಲಸುವುದನ್ನು ಕಲಿತರು, ಬ್ರಷ್ ಹಿಡಿಯುವುದನ್ನು ಕಲಿತರು. ಕೈ ಕಟ್ಟಿಕೊಂಡು ನೋಡುವುದೊಂದು ಬರಲಿಲ್ಲ. ಅವರು ಕಿತ್ತಳೆಹಣ್ಣು ಬರೆದರೆ ತಿದ್ದಿ ತಿದ್ದಿ ಕೊನೆಗೆ ಅದು ಗುಂಡು ಬದನೆಕಾಯಿ ಆಗುತ್ತಿತ್ತು. ಆದರೂ ಅಡುಗೆಮನೆ ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ ಒಂದು ಕುರ್ಚಿ, ಒಂದು ಮಡಚುವ ಮೇಜು ಹಾಕಿಕೊಂಡು ಕೂತರೆ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಯಾರೂ ಮಾತಾಡಿಸುವುದಿಲ್ಲ. ಅವರೂ ಯಾರನ್ನೂ ರಿಜೆಕ್ಟ್ ಮಾಡುವುದಿಲ್ಲ. ಇಷ್ಟು ನೆಮ್ಮದಿ ಅವರಿಗೆ ಮದುವೆಗೆ ಮುಂಚೆಯೂ ಇರಲಿಲ್ಲ, ಆಮೇಲಂತೂ ಬಿಡಿ.

ಆ ನೆಮ್ಮದಿಗೆ ಕಲ್ಲು ಬಿದ್ದದ್ದು ಸುದರ್ಶನ್ ಅವರ ಫೋನಿನಿಂದ. ಅವರು ವಿಮಾ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದವರು, ಒಂದು ವರ್ಷ ಮೊದಲೇ ಸ್ವಯಂ ನಿವೃತ್ತಿ ತಗೊಂಡು, ಇಂದಿರಾನಗರದ ಬಾಡಿಗೆ ಮನೆಯಲ್ಲಿ ಇದ್ದುಕೊಂಡು ಕೆ.ಆರ್.ಪುರದಲ್ಲಿ ಮನೆ ಕಟ್ಟಿಸುತ್ತಿದ್ದರು. ಬಾಯಿಗೆ ಮಾತ್ರ ನಿವೃತ್ತಿ ಕೊಟ್ಟಿರಲಿಲ್ಲ.

"ಭಾವ, ನನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ನನ್ನದೊಂದು ಚಿತ್ರ ಬರೀತೀರಂತೆ. ರಮಾ ಹೇಳಿದ್ಲು. ಫೋಟೋ ನೋಡ್ಕೊಂಡು ಬರೆದ್ರೆ ಜೀವ ಬರಲ್ಲ. ನಾನೇ ಬಂದು ನಿಮ್ಮ ಬಾಲ್ಕನೀಲಿ ಕೂತ್ಕೋತೀನಿ."

ಸುದರ್ಶನ್ ಒಮ್ಮೆ ಕೂತರೆ ಏಳುವ ಆಸಾಮಿಯಲ್ಲ. ಹಿಂದೊಮ್ಮೆ ಯುಗಾದಿಯ ಬೇವುಬೆಲ್ಲಕ್ಕೆಂದು ಬಂದವರು ಪಾಲಿಸಿ, ಬೋನಸ್ಸು, ನಾಮಿನಿ ಎಂದು ಮಾತಾಡುತ್ತಾ ಕೂತು, ರಾತ್ರಿ ಊಟ ಮುಗಿಸಿ, ನಾಳೆ ವರ್ಷತೊಡಕಿಗೂ ಇಲ್ಲೇ ಇರಲೇ ಎಂದು ಕೇಳಿದ್ದರು.

"ಬೇಡ ಬೇಡ ಸುದರ್ಶನ್. ನಿಮಗೆ ಮನೆ ಕೆಲಸ ಇದೆ. ಫೋಟೋ ಸಾಕು. ಭಾನುವಾರ ಸಂಜೆ ನಿಮ್ಮನೆಗೆ ಹುಟ್ಟುಹಬ್ಬದ ಊಟಕ್ಕೆ ಬರುವಾಗ ಚಿತ್ರ ತಂದು ಕೈಗೇ ಕೊಡ್ತೀನಿ."

"ಅದೂ ನಿಜಾನ್ನಿ. ನಾನು ಸೈಟ್ ಬಿಟ್ಟು ಅಲ್ಲಾಡೋ ಹಾಗೇ ಇಲ್ಲ. ದಿನಾ ಬೆಳಗ್ಗೆಯಿಂದ ಸಂಜೆ ತನಕ ಅಲ್ಲೇ ನಿಂತು ಕಾಯ್ಬೇಕು. ಹೋಗೋರು ಬರೋರದೆಲ್ಲ ಕಣ್ಣು ನಮ್ಮ ಮನೆ ಮೇಲೇ. ಮೊನ್ನೆ ಬೋರ್ ಮೋಟ್ರು ಸುಟ್ಟೋಯ್ತು, ನಿನ್ನೆ ಮೇಸ್ತ್ರಿ ಕಾಲು ಉಳುಕಿಸ್ಕೊಂಡ. ಆದ್ರೆ ಭಾವ, ಭಾನುವಾರ ನನ್ನ ಚಿತ್ರ ಕೈಗೆ ಬರ್ಲಿಲ್ಲ ಅಂದ್ರೆ ಏನಾದ್ರೂ ಮಾಡಿ ಪುರುಸೊತ್ತು ಮಾಡ್ಕೊಂಡು ಬಂದು ಕೂತೇ ಕೂರ್ತೀನಿ. ಹೇಳಿದ್ದೀನಿ."

ಹಾಗಾಗಿ ಆ ಭಾನುವಾರ ಬಾಲ್ಕನಿಯ ಅಳಿವು ಉಳಿವಿನ ಪ್ರಶ್ನೆ ಒಂದು ಹಾಳೆಯ ಮೇಲೆ ನಿಂತಿತ್ತು.

ಶುರುವಂತೂ ಚೆನ್ನಾಗಿಯೇ ಆಯಿತು. ಕೃಷ್ಣಸ್ವಾಮಿ ಫೋಟೋದಲ್ಲಿನ ಮುಖವನ್ನು ಸ್ಟೀಲ್ ಸ್ಕೇಲಿನಿಂದ ಅಳೆದು, ಕಾಗದದ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಹಾಕಿದರು. ಮೂಗಿನ ತುದಿಯಿಂದ ಬಲಗೆನ್ನೆಯ ದಪ್ಪ ಮಚ್ಚೆಗೆ ಇರುವ ದೂರವನ್ನು ಡಿವೈಡರ್ ಹಿಡಿದು ಎರಡೆರಡು ಸಲ ನೋಡಿ, ಮಚ್ಚೆಯನ್ನು ಕಪ್ಪು ಬಣ್ಣದಲ್ಲಿ ಕೂರಿಸಿದರು. ಆ ಮಚ್ಚೆಯನ್ನು ಯಾವ ಇನ್‌ಸ್ಪೆಕ್ಟರೂ ರಿಜೆಕ್ಟ್ ಮಾಡುವ ಹಾಗಿರಲಿಲ್ಲ. ಆಮೇಲೆ ಎಡಗಣ್ಣು ಬರೆದರು, ಬಲಗಣ್ಣು ಬರೆದರು. ಬ್ರಷ್ ತೊಳೆಯಲು ಬಗ್ಗಿದರು. ಆಗ ಬಿತ್ತು ಹನಿ.

ಎಡಗಣ್ಣಿನ ಕಪ್ಪು ಮೆಲ್ಲಗೆ ಹರಡಿತು. ನೀರು ತನ್ನ ಕೆಲಸ ಮಾಡುತ್ತಿತ್ತು. ಕೈ ಕಟ್ಟಿಕೊಂಡು ಕೂತಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನೀವೂ ನಿಮ್ಮ ಕೆಲಸಕ್ಕೆ ಹೋಗಬಹುದಿತ್ತು. ಕೃಷ್ಣಸ್ವಾಮಿ ಟವೆಲಿನಿಂದ ಉಜ್ಜಿದರು. ಕಣ್ಣು ಒಂದೂವರೆ ಪಟ್ಟು ಆಯಿತು. ಸರಿ, ಬಲಗಣ್ಣನ್ನೂ ಅಷ್ಟೇ ಮಾಡಿದರಾಯಿತು ಎಂದು ಅದನ್ನು ದೊಡ್ಡದು ಮಾಡಿದರು. ಅದು ಕೂದಲೆಳೆಯಷ್ಟು ಹೆಚ್ಚಾಯಿತು. ಮತ್ತೆ ಎಡಗಣ್ಣು. ಬೆಣ್ಣೆ ಸಮ ಮಾಡಲು ಹೊರಟ ಕೋತಿಯ ಹಾಗೆ ಆ ಕಣ್ಣು ಈ ಕಣ್ಣು ಎಂದು ತಿದ್ದುತ್ತಾ ಹೋಗಿ, ಎರಡೂ ಒಂದೇ ಅಳತೆಗೆ ಬರುವಷ್ಟರಲ್ಲಿ ಹುಬ್ಬುಗಳಿಗೆ ಜಾಗವೇ ಉಳಿದಿರಲಿಲ್ಲ.

ಆ ಹೊತ್ತಿಗೆ ಕೆಳಗಿನ ಮನೆಯ ಸಂಜೀವಪ್ಪ ಮೇಲೆ ಬಂದರು. ಅದೇ ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಫೋರ್‌ಮನ್ ಆಗಿದ್ದವರು. ಬಣ್ಣದ ವಾಸನೆ ಎಲ್ಲಿ ಬಂದರೂ ಅವರ ಕಾಲು ತಾನಾಗಿ ಅತ್ತ ತಿರುಗುತ್ತದೆ.

"ಏನ್ ಸಾರ್ ಇದು, ಇಷ್ಟು ತೆಳ್ಳಗೆ ಹೊಡ್ದಿದ್ದೀರ. ಒಳಗಿನ ಕಾಗದಾನೇ ಕಾಣ್ತಿದೆ," ಎಂದರು ಸಂಜೀವಪ್ಪ.

"ಕಾಣ್ಬೇಕು ಸಂಜೀವಪ್ಪ. ಜಲವರ್ಣ ಅಂದ್ರೆ ಹಾಗೇ."

"ಮೂವತ್ತು ಸಾವಿರ ಅಡಿ ಮೇಲೆ ಹೋದ್ರೆ ಇದು ತಡಿಯಲ್ಲ ಸಾರ್. ಎರಡನೇ ಕೋಟ್ ಹೊಡೀರಿ."

"ಇದು ಇಂದಿರಾನಗರಕ್ಕೆ ಹೋಗ್ಬೇಕು ಅಷ್ಟೇ ಕಣ್ರೀ."

"ಎಲ್ಲಿಗಾದ್ರೂ ಹೋಗ್ಲಿ. ಫಿನಿಶಿಂಗ್ ಫಿನಿಶಿಂಗೇ."

ಫಿನಿಶಿಂಗ್ ಎಂಬ ಪದ ಕಿವಿಗೆ ಬಿದ್ದರೆ ಕೃಷ್ಣಸ್ವಾಮಿಗೆ ತಡೆಯಲಾಗುವುದಿಲ್ಲ. ಕೆನ್ನೆಗೆ ಎರಡನೇ ಕೋಟ್ ಕೊಟ್ಟರು. ರಮಾಮಣಿ ಇಬ್ಬರಿಗೂ ಕಾಫಿ ತಂದಿಟ್ಟು ಹೋದರು. ಮೇಜಿನ ಮೇಲೆ ಈಗ ಮೂರು ಸ್ಟೀಲ್ ಲೋಟ, ಎರಡರಲ್ಲಿ ಕಾಫಿ, ಒಂದರಲ್ಲಿ ಬ್ರಷ್ ತೊಳೆದ ನೀರು. ಮೂರೂ ಒಂದೇ ಬಣ್ಣ. ಕೃಷ್ಣಸ್ವಾಮಿ ಕಾಗದದಿಂದ ಕಣ್ಣು ತೆಗೆಯದೆ ಬ್ರಷ್ಷನ್ನು ಲೋಟದಲ್ಲಿ ಅದ್ದಿ ಅದ್ದಿ ಮುಖಕ್ಕೆ ಬಳಿದರು. ಮುಖ ಗೋಧಿ ಬಣ್ಣದಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಡಿಕಾಕ್ಷನ್ನಿಗೆ ತಿರುಗಿತು. ಸಂಜೀವಪ್ಪ ಕೈಗೆ ಸಿಕ್ಕ ಲೋಟ ಎತ್ತಿ ಒಂದು ಗುಟುಕು ಕುಡಿದು, ತುಸು ಯೋಚಿಸಿ, ಒಳಗೆ ಕೂಗಿ ಕೇಳಿದರು.

"ಅಮ್ಮಾ, ಕಾಫಿಪುಡಿ ಬೇರೆ ಅಂಗಡೀಲಿ ತಗೊಂಡ್ರಾ? ಚಿಕೋರಿ ಸ್ವಲ್ಪ ಜಾಸ್ತಿ ಆಗಿದೆ."

ಹಾಗೆಂದು ಪೂರ್ತಿ ಕುಡಿದರು. ಅವರ ಬಿಳಿ ಮೀಸೆಯ ಅಂಚು ಕಪ್ಪಾದದ್ದನ್ನು ಕೃಷ್ಣಸ್ವಾಮಿ ನೋಡಿದರೂ ನೋಡದವರ ಹಾಗೆ ಇದ್ದರು. ಒಂದು ಹೊತ್ತಿಗೆ ಒಂದೇ ಅನಾಹುತ ಸಾಕು.

ಊಟದ ಹೊತ್ತಿಗೆ ರಮಾಮಣಿ ಬಾಲ್ಕನಿಗೆ ಬಂದು ಚಿತ್ರವನ್ನು ನೋಡಿದರು.

"ರೀ, ನಮ್ಮಣ್ಣ ಯಾವಾಗ್ಲೂ ನಗ್ತಾ ಇರ್ತಾನೆ. ನೀವು ಬಾಯೇ ಮುಚ್ಚಿಸ್ಬಿಟ್ಟಿದ್ದೀರಲ್ಲ."

"ಚಿತ್ರದಲ್ಲಾದ್ರೂ ಮುಚ್ಚಿರ್ಲಿ ಅಂತ."

"ನಗಿಸ್ರೀ. ಹಲ್ಲು ಕಾಣ್ಬೇಕು. ಹುಟ್ಟುಹಬ್ಬದ ದಿನ ಮುಖ ಗಂಟು ಹಾಕ್ಕೊಂಡಿರೋ ಚಿತ್ರ ಕೊಟ್ರೆ ಶುಭಾನಾ?"

ತುಟಿಗೆ ಕೆಂಪು ಹಚ್ಚಿ ಬಾಯನ್ನು ಕಿವಿಯ ಕಡೆಗೆ ಎಳೆದದ್ದಾಯಿತು. ಹಲ್ಲಿಗೆ ಬಿಳಿ ಬೇಕು, ಟ್ಯೂಬುಗಳಲ್ಲಿ ಬಿಳಿ ಇಲ್ಲ. ಜಹನಾರಾಗೆ ಫೋನ್ ಮಾಡಿದರು.

"ಅರೆ ಸಾರ್, ಜಲವರ್ಣದಲ್ಲಿ ಬಿಳಿ ಅಂದ್ರೆ ಕಾಗದಾನೇ. ಅದನ್ನ ಮೊದ್ಲೇ ಬಿಟ್ಕೋಬೇಕು, ಹೇಳಿದ್ನಲ್ಲ ಕ್ಲಾಸಲ್ಲಿ. ಈಗ ಏನೂ ಮಾಡ್ಬೇಡಿ. ಕೈ ಕಟ್ಕೊಂಡು ಕೂತ್ಕೊಳ್ಳಿ."

"ಹಲ್ಲು ಬೇಕಲ್ಲ ಮೇಡಂ."

"ಹಲ್ಲು ಬೇಡ ಸಾರ್. ದೇವ್ರಾಣೆ ಬೇಡ."

ಆದರೆ ಪಕ್ಕದಲ್ಲೇ ನಿಂತಿದ್ದ ಸಂಜೀವಪ್ಪ ಆಗಲೇ ಕೆಳಗೆ ಓಡಿಹೋಗಿ ವೈಟ್ನರ್ ಬಾಟಲಿ ತಂದಿದ್ದರು, ಬರೆದದ್ದು ತಪ್ಪಾದರೆ ಆಫೀಸುಗಳಲ್ಲಿ ಮೇಲೆ ಬಳಿಯುತ್ತಾರಲ್ಲ, ಅದು. ಕೃಷ್ಣಸ್ವಾಮಿ ಒಂದೊಂದೇ ಹಲ್ಲು ಇಟ್ಟರು. ಅದು ಬಣ್ಣದ ಹಾಗೆ ತೆಳ್ಳಗೆ ಕೂರದೆ ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ನಿಂತಿತು. ಕೊನೆಯ ಎರಡು ಹಲ್ಲಿಗೆ ಸ್ವಲ್ಪ ಜಾಸ್ತಿಯಾಗಿ, ಬಾಯಿಯ ಎರಡೂ ತುದಿಯಿಂದ ಗಲ್ಲದವರೆಗೆ ಇಳಿದು ಚೂಪಾಗಿ ಒಣಗಿತು.

"ಕೋರೆಹಲ್ಲು ಬಂತಲ್ರೀ," ಎಂದರು ಕೃಷ್ಣಸ್ವಾಮಿ, ಸಣ್ಣ ದನಿಯಲ್ಲಿ.

"ಎರಡೂ ಕಡೆ ಸಮ ಇದೆ ಬಿಡಿ ಸಾರ್," ಎಂದು ಸಂಜೀವಪ್ಪ ಸಮಾಧಾನ ಹೇಳಿದರು.

ಉಳಿದದ್ದು ಕೂದಲು. ಸುದರ್ಶನ್ ಎಣ್ಣೆ ಹಚ್ಚಿ ಒಂದು ಎಳೆಯೂ ಏಳದ ಹಾಗೆ ಬಾಚುವವರು. ಕೃಷ್ಣಸ್ವಾಮಿ ಧಾರಾಳವಾಗಿ ನೀರು ಹಾಕಿ, ಕಪ್ಪು ತುಂಬಿ, ಅಚ್ಚುಕಟ್ಟಾಗಿ ಬಾಚಿದ ತಲೆ ಮಾಡಿದರು. ಅದೊಂದು ನಿಜಕ್ಕೂ ಚೆನ್ನಾಗಿ ಬಂದಿತ್ತು. ಅಷ್ಟರಲ್ಲಿ ರಮಾಮಣಿ ಸೀರೆ ಉಟ್ಟು ತಯಾರಾಗಿ ಬಂದರು.

"ಆಟೋ ಬುಕ್ ಮಾಡಾಯ್ತು. ಇನ್ನೂ ಒದ್ದೆ ಇದೆಯಲ್ರೀ ಇದು. ಇರಿ, ಗಗನಾ ಹೋದ ಸಲ ಬಂದಾಗ ಹೇರ್ ಡ್ರೈಯರ್ ಬಿಟ್ಟು ಹೋಗಿದ್ದಾಳೆ."

ಗಗನಾ ಎಂದರೆ ಸುದರ್ಶನ್ ಅವರ ಮಗಳು. ಅವಳ ಡ್ರೈಯರನ್ನು ರಮಾಮಣಿ ಚಿತ್ರದ ಕೆಳಗಿನಿಂದ ಹಿಡಿದು ಸ್ವಿಚ್ ಒತ್ತಿದರು. ಬಿಸಿಗಾಳಿ ಗಲ್ಲ ದಾಟಿ, ಹಣೆ ದಾಟಿ, ಅವಳ ಅಪ್ಪನ ತಲೆಗೆ ಹೊಡೆಯಿತು. ಒದ್ದೆ ಕಪ್ಪು ಬಣ್ಣ ಎಳೆಎಳೆಯಾಗಿ ಮೇಲಕ್ಕೆ ಓಡಿ, ಕಾಗದದ ಅಂಚಿನವರೆಗೂ ಕೂದಲು ನೆಟ್ಟಗೆ ನಿಂತುಕೊಂಡಿತು.

ರಮಾಮಣಿ ಡ್ರೈಯರ್ ಆರಿಸಿದರು.

"ಇದು ನಮ್ಮಣ್ಣಾನಾ?" ಎಂದರು ರಮಾಮಣಿ.

"ಹತ್ತಿರದಿಂದ ನೋಡ್ಬೇಡಿ ಅಮ್ಮ," ಎಂದರು ಸಂಜೀವಪ್ಪ. "ವಿಮಾನಾನೂ ಹತ್ತಿರದಿಂದ ನೋಡಿದ್ರೆ ಚೆನ್ನಾಗಿರಲ್ಲ. ದೂರ ಹೋಗಿ."

ಮೂವರೂ ಅಡುಗೆಮನೆಗೆ ಹೋಗಿ ನೋಡಿದರು, ಹಾಲಿಗೆ ಹೋಗಿ ನೋಡಿದರು, ಮುಂಬಾಗಿಲಿನ ಹತ್ತಿರ ನಿಂತು ನೋಡಿದರು. ದೂರ ಹೋದಷ್ಟೂ ಆ ಕಣ್ಣುಗಳು ಬಿಡದೆ ಹಿಂಬಾಲಿಸಿ ನೋಡುತ್ತಿದ್ದವು. ಕೃಷ್ಣಸ್ವಾಮಿ ಹೊಟ್ಟೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು.

"ನನಗೆ ಹೊಟ್ಟೆ ಸರಿ ಇಲ್ಲ ರಮಾ. ನೀನೊಬ್ಬಳೇ ಹೋಗಿ ಬಾ."

"ನಿಮ್ಮ ಹೊಟ್ಟೆ ನನಗೆ ಗೊತ್ತಿಲ್ವಾ. ನಡೀರಿ. ಬರೆದೋರು ನೀವು, ಬೈಸ್ಕೊಳ್ಳೋರೂ ನೀವೇ."

ಸಂಜೀವಪ್ಪ ಚಿತ್ರವನ್ನು ಎರಡು ರಟ್ಟಿನ ನಡುವೆ ಇಟ್ಟು, ಪೇಪರ್ ಸುತ್ತಿ, ದಾರ ಬಿಗಿದು, ವಿಮಾನದ ಬಿಡಿಭಾಗ ಕಳಿಸುವ ಹಾಗೆ ಭದ್ರವಾಗಿ ಪ್ಯಾಕ್ ಮಾಡಿಕೊಟ್ಟರು. ಆಟೋ ಹಳೇ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸಾಗುತ್ತಿದ್ದಾಗ ಕೃಷ್ಣಸ್ವಾಮಿಗೆ ಬುದ್ಧಿ ಓಡಿತು. ಚಿತ್ರ ಕಳೆದುಹೋದರೆ ತಪ್ಪು ಯಾರದೂ ಅಲ್ಲ. ಬರೆದಿದ್ದೆ, ಆಟೋದಲ್ಲಿ ಬಿಟ್ಟೆ, ಇನ್ನೊಂದು ಬರೆಯುತ್ತೇನೆ, ಫೋಟೋ ನೋಡಿಕೊಂಡೇ. ಅದನ್ನು ಮೆಲ್ಲಗೆ ಸೀಟಿನ ಹಿಂದಿನ ಸಂದಿಗೆ ತಳ್ಳಿ, ಇಂದಿರಾನಗರದಲ್ಲಿ ಇಳಿದು, ಹೆಂಡತಿ ತಿರುಗಿ ನೋಡುವುದರೊಳಗೆ ಮೆಟ್ಟಿಲು ಹತ್ತಿದರು.

ಸುದರ್ಶನ್ ಅವರ ಬಾಡಿಗೆ ಮನೆಯಲ್ಲಿ ನೆಂಟರು ತುಂಬಿದ್ದರು. "ಬನ್ನಿ ಭಾವ, ನನ್ನ ಚಿತ್ರ ಎಲ್ಲಿ?" ಎಂಬುದೇ ಮೊದಲ ಮಾತು.

ಕೃಷ್ಣಸ್ವಾಮಿ ಎರಡೂ ಕೈ ನೋಡಿಕೊಂಡರು, ಹಣೆ ಚಚ್ಚಿಕೊಂಡರು. "ಅಯ್ಯೋ, ಆಟೋದಲ್ಲೇ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಬಿಡುತ್ತಾ ಆಟೋ ಡ್ರೈವರ್ ನಿಂತಿದ್ದ.

"ಸಾರ್, ನಿಮ್ ಪಾರ್ಸಲ್. ಸಿಗ್ನಲ್ ತನಕ ಹೋಗಿ ವಾಪಸ್ ಬಂದೆ."

"ಇಂಥವರು ಇರೋದ್ರಿಂದ್ಲೇ ಮಳೆ ಬೆಳೆ ಆಗ್ತಿರೋದು," ಎಂದು ಸುದರ್ಶನ್ ಅವನ ಬೆನ್ನು ತಟ್ಟಿ, ಒಂದು ಹೋಳಿಗೆ ಕೊಟ್ಟು ಕಳಿಸಿದರು. ಕೃಷ್ಣಸ್ವಾಮಿಯೂ ಥ್ಯಾಂಕ್ಸ್ ಹೇಳಬೇಕಾಯಿತು. ಹೇಳಿದರು, ಹಲ್ಲು ಕಚ್ಚಿಕೊಂಡು.

ದಾರ ಬಿಚ್ಚಿತು. ಪೇಪರ್ ಹೋಯಿತು. ರಟ್ಟು ಸರಿಯಿತು. ಯಾರದೋ ಮನೆಯ ಮಗು ಕಿಟಾರನೆ ಕಿರುಚಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ರಮಾಮಣಿ ನೆಲ ನೋಡುತ್ತಿದ್ದರು. ಕೃಷ್ಣಸ್ವಾಮಿ ಚಪ್ಪಲಿ ಬಿಟ್ಟ ಜಾಗ ಎಲ್ಲಿ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡರು.

ಸುದರ್ಶನ್ ಚಿತ್ರವನ್ನು ಕೈಯಳತೆ ದೂರ ಹಿಡಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತು.

"ಭಾವ," ಎಂದರು ಗದ್ಗದವಾಗಿ, "ನಾನು ಫೋನಲ್ಲಿ ಒಂದು ಮಾತು ಅಂದಿದ್ದೆ, ಎಲ್ಲರ ಕಣ್ಣು ನಮ್ಮ ಮನೆ ಮೇಲೆ ಅಂತ. ಅದನ್ನ ಮನಸ್ಸಲ್ಲಿಟ್ಕೊಂಡು ಸ್ವಂತ ಕೈಯಲ್ಲಿ ದೃಷ್ಟಿಬೊಂಬೆ ಬರ್ಕೊಂಡು ಬಂದ್ರಲ್ಲ. ಶಿವಾಜಿನಗರ ಮಾರ್ಕೆಟ್ ಪೂರ್ತಿ ಸುತ್ತಿದ್ದೆ ಕಣ್ರೀ ನಾನು. ಎಲ್ಲ ಪ್ರಿಂಟ್ ಹೊಡೆದ ಮುಖಗಳು, ಒಂದಕ್ಕೂ ಖದರ್ ಇಲ್ಲ. ನೋಡಿ ಇದು. ಕಣ್ಣು ನೋಡಿ, ಕೋರೆ ನೋಡಿ. ಇದನ್ನ ನೋಡಿದ್ಮೇಲೆ ಯಾವನು ನಮ್ಮ ಮನೆ ಕಡೆ ತಿರುಗ್ತಾನೆ?"

ನೆಂಟರೆಲ್ಲ ಉಸಿರು ಬಿಟ್ಟು ಹೌದು ಹೌದು ಎಂದರು. ಒಬ್ಬ ಹಿರಿಯರು ಕುರ್ಚಿಯಿಂದ ಎದ್ದು ಬಂದು ಇಂಥ ಭಯಂಕರ ಮುಖ ತಾವು ಹುಟ್ಟಿದ ಲಾಗಾಯ್ತು ಕಂಡಿಲ್ಲ ಎಂದು ಹೊಗಳಿದರು. ರಮಾಮಣಿ "ಅಣ್ಣಾ, ಅದು..." ಎಂದು ಬಾಯಿ ತೆರೆದರು. ಕೃಷ್ಣಸ್ವಾಮಿ ಅವರ ಕಾಲು ತುಳಿದರು. ಅವರು ಬಾಯಿ ಮುಚ್ಚಿದರು.

ಗಗನಾ ಮಾತ್ರ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದಳು.

"ಮಾವ, ಇದಕ್ಕೂ ಬಲಗೆನ್ನೆ ಮೇಲೆ ಮಚ್ಚೆ ಇದೆ. ಅಪ್ಪಂಗೆ ಇರೋ ಹಾಗೇ. ಕರೆಕ್ಟಾಗಿ ಅದೇ ಜಾಗದಲ್ಲಿ."

ಇಡೀ ಚಿತ್ರದಲ್ಲಿ ಸರಿಯಾಗಿದ್ದದ್ದು ಅದೊಂದೇ. ಅದೇ ಈಗ ಕುತ್ತಿಗೆಗೆ ಬಂತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರಲ್ಲ, ಹಾಗೆ ಒಂದು ಮಾತು ಕೃಷ್ಣಸ್ವಾಮಿಯ ಬಾಯಿಗೆ ಬಂತು.

"ಮಚ್ಚೆ ಅಲ್ಲಮ್ಮ ಅದು. ದೃಷ್ಟಿಬೊಟ್ಟು. ಇಷ್ಟು ಚೆನ್ನಾಗಿ ಬಂದಿರೋ ಬೊಂಬೆಗೇ ಯಾರಾದ್ರೂ ಕಣ್ಣು ಹಾಕಿದ್ರೆ?"

ಮನೆಯೆಲ್ಲ ಚಪ್ಪಾಳೆಯಿಂದ ತುಂಬಿತು. ಸುದರ್ಶನ್ ಭಾವನನ್ನು ತಬ್ಬಿಕೊಂಡರು. ಕೃಷ್ಣಸ್ವಾಮಿ ಅವತ್ತು ಎರಡು ಹೋಳಿಗೆ ಹೆಚ್ಚಾಗಿ ತಿಂದರು, ಅವು ಪೂರ್ತಿ ಗುಂಡಗಿವೆಯೋ ಇಲ್ಲವೋ ಎಂದು ಒಮ್ಮೆಯೂ ನೋಡಲಿಲ್ಲ. ಹೊರಡುವಾಗ ಸುದರ್ಶನ್ "ಹಾಗಾದ್ರೆ ನನ್ನ ಚಿತ್ರ?" ಎಂದು ಕೇಳಿದರು. "ನಿಮ್ಮಂಥೋರ ಮುಖ ಅವಸರದಲ್ಲಿ ಬರೆಯೋ ಹಾಗಿಲ್ಲ ಸುದರ್ಶನ್, ನಿಧಾನವಾಗಿ ಆಗ್ಲಿ," ಎಂದು ಇವರು ಹೇಳಿದರು. ಅವರು ತಲೆದೂಗಿದರು. ಬಾಲ್ಕನಿ ಉಳಿಯಿತು ಎಂದುಕೊಂಡು ಕೃಷ್ಣಸ್ವಾಮಿ ದಾರಿಯುದ್ದಕ್ಕೂ ಏನೋ ಗುನುಗುತ್ತಾ ಮನೆಗೆ ಬಂದರು.

ಮರುದಿನ ಮಧ್ಯಾಹ್ನ ಊಟ ಮುಗಿಸಿ, ಹೊಸ ಹಾಳೆ ಅಂಟಿಸಿ, ಒಂದು ಕಿತ್ತಳೆಹಣ್ಣನ್ನು ಮುಂದಿಟ್ಟುಕೊಂಡು ಕೂತಿದ್ದರಷ್ಟೇ, ಕರೆಗಂಟೆ ಹೊಡೆದುಕೊಂಡಿತು. ಎಣ್ಣೆ ಹಚ್ಚಿ ಬಾಚಿದ ತಲೆ, ಗರಿಗರಿ ಇಸ್ತ್ರಿಯ ಶರ್ಟು. ಸುದರ್ಶನ್ ನೇರ ಬಾಲ್ಕನಿಗೇ ಬಂದರು. ಬರುವಾಗ ಹಾಲಿನಿಂದ ಒಂದು ಕುರ್ಚಿಯನ್ನೂ ಎತ್ತಿಕೊಂಡು ಬಂದಿದ್ದರು.

"ಲ್ಯಾಮಿನೇಷನ್ ಮಾಡಿಸಿ, ಬೆಳಗ್ಗೇನೇ ಸೈಟಲ್ಲಿ ಕಟ್ಟಿ ಬಂದೆ ಭಾವ. ಏನ್ ಕೇಳ್ತೀರಿ ಅದರ ಮಹಿಮೆ. ರಸ್ತೇಲಿ ಹೋಗೋರು ತಲೆ ತಗ್ಗಿಸ್ಕೊಂಡು ಹೋಗ್ತಾರೆ. ಗಾರೆಯವರು ಬೀಡಿ ಹಚ್ಚೋಕೂ ಹೆದರ್ಕೊಂಡು ಕೆಲ್ಸ ಮಾಡ್ತಿದ್ದಾರೆ. ವಿಚಿತ್ರ ನೋಡಿ, ಯಾಕೋ ನಾನೇ ಅಲ್ಲಿ ನಿಂತು ಕಾಯ್ತಿದ್ದೀನೇನೋ ಅನ್ನೋ ಹಾಗಿರುತ್ತೆ. ಇನ್ನು ನಾನು ಅಲ್ಲಿ ನಿಲ್ಲೋ ಅವಶ್ಯಕತೇನೇ ಇಲ್ಲ."

ಅವರು ಕುರ್ಚಿಯನ್ನು ವಾಷಿಂಗ್ ಮೆಷಿನ್ ಪಕ್ಕಕ್ಕೆ ಎಳೆದು, ಗಟ್ಟಿಯಾಗಿ ಕೂತು, ಗಲ್ಲ ಎತ್ತಿದರು.

"ನೀವೇ ಹೇಳಿದ್ರಲ್ಲ, ನಿಧಾನವಾಗಿ ಆಗ್ಲಿ ಅಂತ. ಮನೆ ಮುಗಿಯೋ ತನಕ ನಾನು ಫ್ರೀ. ದಿನಾ ಬರ್ತೀನಿ. ನೀವು ಬರೀತಾ ಇರಿ, ನಾನು ಮಾತಾಡ್ತಾ ಇರ್ತೀನಿ. ಅಂದ್ಹಾಗೆ ಭಾವ, ನಿಮ್ಮ ಆ ಹಳೇ ಪಾಲಿಸಿಗೆ ನಾಮಿನಿ ಯಾರು ಹಾಕಿದ್ದೀರಿ?"

ಆ ಬೊಂಬೆಯನ್ನು ಕೊಡುವ ಬದಲು ತಮ್ಮ ಮನೆ ಬಾಗಿಲಿಗೇ ಕಟ್ಟಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಕೃಷ್ಣಸ್ವಾಮಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಮೇಲಿನ ತಂತಿಯ ಮೇಲಿದ್ದ ಸೀರೆಯಿಂದ ಒಂದು ಹನಿ ಜಾರಿ ನೆಟ್ಟಗೆ ಸುದರ್ಶನ್ ಅವರ ಎಡಗಣ್ಣಿಗೆ ಬಿತ್ತು. ಕೃಷ್ಣಸ್ವಾಮಿ ಜೀವಮಾನದಲ್ಲಿ ಮೊದಲ ಸಲ ಕೈ ಕಟ್ಟಿಕೊಂಡು, ಆಸೆಯಿಂದ, ಸುಮ್ಮನೆ ನೋಡಿದರು.

ಸುದರ್ಶನ್ ಕಣ್ಣು ಒರೆಸಿಕೊಂಡು ಮಾತು ಮುಂದುವರಿಸಿದರು.